ಕಾಮಾಲೆಗೆ ಕಾಲಂ ಇರಲಿಲ್ಲ

ನಿಮ್ಮ ಅಜ್ಜ ಕುಡುಕರಾಗಿದ್ದರು, ನನ್ನನ್ನು ಹೊಡೆಯುತ್ತಿದ್ದರು ಎಂದು ಒಂದು ಕಂಪನಿಯ ನುಣುಪು ಹಾಳೆಯ ಪುಸ್ತಕದಲ್ಲಿ ಅಚ್ಚಾಗಿದೆ. ಪಕ್ಕದಲ್ಲೇ ನಿಮ್ಮ ಅಮ್ಮ ರೇಣುಕಾಳ ಫೋಟೋ ಇದೆ, ಎರಡು ಜಡೆ, ತಲೆ ಬಗ್ಗಿಸಿದ ಮುಖ. ಆ ಪುಸ್ತಕ ಎಂದಾದರೂ ನಿಮ್ಮ ಕೈಗೆ ಸಿಕ್ಕೀತು. ಅದಕ್ಕೆ ಮೊದಲು ನಾನು ಬರೆದದ್ದು ಸಿಗಲಿ. ನಾನು ಓದಿದ್ದು ಕೊಪ್ಪಳದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಇವತ್ತಿಗೂ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೊಂದು ಅನುಕೂಲ. ನಿಮ್ಮ ಅಮ್ಮ ತನ್ನ ಕಷ್ಟವನ್ನು ಯಾರ ಮುಂದೆಯೂ ಹೇಳುವುದಿಲ್ಲ, ಜ್ವರ ಬಂದರೂ ಬಾಯಿ ಬಿಡುವುದಿಲ್ಲ, ಕಲ್ಲಿನಂಥವಳು ಎಂದು ನೀವು ಆಡಿಕೊಳ್ಳುತ್ತೀರಿ. ಹುಟ್ಟುವಾಗ ಅವಳು ಕಲ್ಲಾಗಿರಲಿಲ್ಲ. ಕಷ್ಟ ಹೇಳಿಕೊಳ್ಳುವುದನ್ನೇ ಮೂರು ವರ್ಷ ಕೆಲಸವಾಗಿ ಮಾಡಿದವಳು ಅವಳು. ಆಮೇಲೆ ಆ ಕೆಲಸ ಬಿಟ್ಟಳು.

ಊರು ಬಿಟ್ಟು ಈ ಶಹರಕ್ಕೆ ಬಂದ ಮೇಲೆ ನಾವಿದ್ದದ್ದು ಟಿನ್ ಫ್ಯಾಕ್ಟರಿಯ ಹಿಂದೆ, ಒಂದೇ ಗೋಡೆಗೆ ಅಂಟಿಕೊಂಡ ಎಂಟು ಶೀಟಿನ ಮನೆಗಳ ಸಾಲಿನಲ್ಲಿ. ಎರಡು ಕೋಣೆ, ಸಾಲಿಗೆಲ್ಲ ಸೇರಿ ಎರಡು ಬಚ್ಚಲು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಹೊಲದ ಒಡತಿ ನಂಜಮ್ಮ ಈಗ ಮನೆಗಳ ಒಡತಿ, ಎದುರಿನ ತಾರಸಿ ಮನೆಯ ಮೆಟ್ಟಿಲ ಮೇಲೆ ಕೂತು ಎಂಟು ಬಾಗಿಲುಗಳನ್ನೂ ಕಾಯುತ್ತಿದ್ದರು. ನಿಮ್ಮ ಅಜ್ಜ ಕಿಟಕಿಯ ಗ್ರಿಲ್ ಮಾಡುವ ವೆಲ್ಡರ್. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಾದ್ದರಿಂದ ಗ್ರಿಲ್ಲಿನ ನಕ್ಷೆಯನ್ನು ಮನೆಯ ಹೊರಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಕಿಟಕಿ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಬರೆಯುತ್ತಿದ್ದರು. ದಾರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಿಮ್ಮ ಅಮ್ಮನ ಕೈಯಲ್ಲಿ. ಎರಡನೆಯ ತರಗತಿಯ ಮಗು ದಾರ ಹಿಡಿದು ಸುತ್ತಿ ಬಂದರೆ ನೆಲದ ಮೇಲೆ ದುಂಡಗೆ ಒಂದು ಗೆರೆ. ನಕ್ಷೆ ಅಳಿಸುವವರೆಗೆ ನಾವು ಗೋಡೆಗೆ ಬೆನ್ನು ಹಚ್ಚಿ, ಕಾಲು ಮಡಚಿಕೊಂಡು ಉಣ್ಣುತ್ತಿದ್ದೆವು. ಒಮ್ಮೆ ನಾನು ಗೊತ್ತಾಗದೆ ಒಂದು ಗ್ರಿಲ್ಲಿನ ಅರ್ಧವನ್ನು ಕಸಬರಿಗೆಯಿಂದ ಗುಡಿಸಿಬಿಟ್ಟೆ. ಅವರು ನೋಡಿ, ನಕ್ಕು, "ಇಂದಿರಾನಗರದವರ ಮನಿಗೆ ಕಳ್ಳರು ಬಂದ್ರ ನೀನೇ ಹೊಣಿ ನೋಡು" ಎಂದರು. ಅವರ ಸಿಟ್ಟಿನ ಉದ್ದ ಅಷ್ಟೇ. ಸೋಮವಾರ ಒಪ್ಪತ್ತು, ವಿಭೂತಿ ಧರಿಸಿ ಒಂದು ಬಟ್ಟಲು ಹಾಲು. ಬೇಸಿಗೆಯಲ್ಲಿ ತಂಬಿಗೆ ತುಂಬ ಮಜ್ಜಿಗೆ. ಬೇರೆ ಏನನ್ನೂ ಅವರ ತುಟಿ ಮುಟ್ಟಿರಲಿಲ್ಲ.

ರೇಣುಕಾ ಎಂಟನೆಯ ತರಗತಿಯಲ್ಲಿದ್ದಾಗ ಅವರಿಗೆ ಕಾಮಾಲೆಯಾಯಿತು. ಊರಿನ ಔಷಧಿ, ಇಲ್ಲಿಯ ಆಸ್ಪತ್ರೆ ಎರಡೂ ನಡೆದು, ತಿಂಗಳೊಪ್ಪತ್ತಿನಲ್ಲಿ ಹೋಗಿಬಿಟ್ಟರು. ಊರಿಗೆ ವಾಪಸು ಬಾ ಎಂದು ತವರಿನವರು ಕರೆದರು. ನಾನು ಹೋಗಲಿಲ್ಲ. ಆಗ ನಮ್ಮ ಕಡೆಯ ಜನ ಕಟ್ಟಡದ ಕೆಲಸಕ್ಕೆಂದು ಬಂದು ಬಂದು ಆ ಗಲ್ಲಿಗಳೆಲ್ಲ ತುಂಬುತ್ತಿದ್ದವು. ಅನ್ನ ತಿಂದು ತಿಂದು ಸೋತವರಿಗೆ ಜೋಳದ ರೊಟ್ಟಿ ಬೇಕಿತ್ತು. ನಾನು ಬಡಿದೆ. ನಸುಕಿನಲ್ಲಿ ಎದ್ದು ತಾಯಿಮಗಳಿಬ್ಬರೂ ಎದುರು ಬದುರು ಕೂತು, ಅವಳು ಹಿಟ್ಟು ನಾದಿ ಉಂಡೆ ಮಾಡಿ ಕೊಡುವುದು, ನಾನು ಬಡಿದು ಹಂಚಿಗೆ ಹಾಕುವುದು. ನಡುವೆ ಅವಳು ಲೆಕ್ಕದ ಪಾಠ ಬಾಯಲ್ಲಿ ಹೇಳುತ್ತ ಹೋಗುತ್ತಿದ್ದಳು. ನನಗೆ ತಿಳಿಯದಿದ್ದರೂ ಹೂಂಗುಟ್ಟುತ್ತಿದ್ದೆ. ನಂಜಮ್ಮ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದರು.

"ಏನಮ್ಮ, ನಿಮ್ಮಗಳ ರೊಟ್ಟಿ ಬಡಿಯೋದು ನಿಂತ್ರೆ ನಮ್ಮನೇಲಿ ಯಾರೂ ಏಳಲ್ಲ. ಅಲಾರಂ ದುಡ್ಡು ನಾನೇ ಕೊಡ್ಬೇಕು ನಿಮಗೆ!"

ಹಾಗೆ ಓದಿ ಅವಳು ಎಂಜಿನಿಯರಿಂಗಿನ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಳು. ಮೊದಲ ವರ್ಷದಲ್ಲೇ ಕಾಲೇಜಿನ ಬೋರ್ಡಿನಲ್ಲಿ ಒಂದು ಕಂಪನಿಯ ವಿದ್ಯಾರ್ಥಿವೇತನದ ಚೀಟಿ ನೋಡಿ ಅರ್ಜಿ ಹಾಕಿದಳು. ಬಡವರ ಮನೆಯ ಹೆಣ್ಣುಮಕ್ಕಳಿಗೆ ನಾಲ್ಕೂ ವರ್ಷದ ಫೀ, ಪುಸ್ತಕ, ಜೊತೆಗೆ ದಾರಿ ತೋರಿಸಲು ಒಬ್ಬರು ಮೇಡಂ. ಆ ಮೇಡಂ ಒಂದು ಮಧ್ಯಾಹ್ನ ಮನೆ ನೋಡಲು ಬಂದರು. ಹತ್ತಿಬಟ್ಟೆಯ ಸೀರೆ, ಕೊರಳಲ್ಲಿ ಮಣ್ಣಿನ ಮಣಿ. ಬಡವರ ಮನೆಗೆ ಹೋಗುವಾಗ ಉಡಲೆಂದೇ ಇಟ್ಟುಕೊಂಡಂತಿತ್ತು. ರೇಣುಕಾ ಕಾಲೇಜಿನಲ್ಲಿದ್ದಳು. ಚಾಪೆಯ ಮೇಲೆ ಕೂತ ಮೇಡಂ ಹಾಳೆ ಬಿಡಿಸಿ, ಪೆನ್ನು ತೆಗೆದು ಕೇಳಿದರು.

"ಯಜಮಾನ್ರ ಹೆಸರೇನಮ್ಮ?"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಮಗು ಹೇಳುತ್ತದೆ, ನೆರೆಯವರು ಹೇಳುತ್ತಾರೆ. ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಮೇಡಂ ಹಾಳೆಯಲ್ಲಿ ಏನೋ ಗೀಚಿ ಮುಂದಕ್ಕೆ ಹೋದರು.

"ಹೇಗೆ ತೀರಿಕೊಂಡ್ರು?"

"ಕಾಮಾಲಿ ಆಗಿತ್ರಿ."

"ಓಹ್, ಲಿವರ್. ಕುಡೀತಿದ್ರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರ ಮನೆಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಇಂಥ ಮಾತು ಕೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಕಡೆ ಹೆಂಗಸಿಗೆ ಇಂಥ ಸಿಟ್ಟು ಬಂದಾಗ ಅವಳು ಉತ್ತರ ಕೊಡುವುದಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸುತ್ತಾಳೆ. ಎದುರಿನವರು ಅರಿತು, ತಪ್ಪಾಯಿತವ್ವ ಎಂದು ಎದ್ದು ಹೋಗಬೇಕು. ನಾನೂ ಹಾಗೇ ಮಾಡಿದೆ. ಮೇಡಂ ಎದ್ದು ಹೋಗಲಿಲ್ಲ, ಹತ್ತಿರ ಸರಿದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಪರ್ವಾಗಿಲ್ಲಮ್ಮ. ಹೇಳೋದು ಬೇಡ. ನಂಗೆ ಅರ್ಥ ಆಯ್ತು."

ಅರ್ಥವಾಗದ್ದನ್ನು ಅರ್ಥವಾಯಿತು ಎನ್ನುವುದರಲ್ಲಿ ಆ ಜನ ಬಹಳ ಚುರುಕು. ಹಾಳೆಯ ಮೇಲೆ ಒಂದು ಗೀಟು ಬಿತ್ತು. ಯಾವುದರ ಎದುರಿಗೆ ಎಂದು ನಾನು ನೋಡಲಿಲ್ಲ. ಹಾಳೆ ಕನ್ನಡದಲ್ಲೇ ಇತ್ತು, ನನಗೆ ಕನ್ನಡ ಓದಲು ಬರುತ್ತಿತ್ತು. ತೋರಿಸಿದ ಕಡೆ ಸಹಿ ಹಾಕಿದೆ. ಆ ತಪ್ಪು ನನ್ನದೇ. ಕಂಪನಿಯವರನ್ನು ಬೈಯುವ ಮೊದಲು ಇದನ್ನು ಬರೆದಿಡಬೇಕು.

ಆಮೇಲೆ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ. ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿಸಿ ಹೋದರು. 'ಈ ಮನೆಯ ಮಗಳು ನಮ್ಮ ಮಗಳು' ಎಂದು ಬರೆದು ಕೆಳಗೆ ಕಂಪನಿಯ ಗುರುತು. ಒಂಬತ್ತು ತಿಂಗಳು ಹೊತ್ತವಳು ನಾನು, ಹೆಸರು ಅವರದು. ನಂಜಮ್ಮ ಮೆಟ್ಟಿಲಿಳಿದು ಬಂದು, ಕನ್ನಡಕ ಏರಿಸಿ ಓದಿದರು.

"ಏನಮ್ಮ, ಮಗಳನ್ನ ದತ್ತು ಕೊಟ್ಬಿಟ್ಯಾ? ಹೊಸ ಅಪ್ಪನ ಕಡೇವ್ರು ಬಂದು ಅಂಟಿಸಿದ್ರಾ? ನನ್ನ ಬಾಗ್ಲು ಅದು, ನನ್ನ ಒಂದು ಮಾತು ಕೇಳ್ಬಾರ್ದಾ?"

ಇನ್ನೊಂದು ಹಾಳೆಗೂ ಸಹಿಯಾಗಿತ್ತು. ವಿದ್ಯಾರ್ಥಿನಿಯಿಂದ ಅಡುಗೆ ಕೆಲಸ ಮಾಡಿಸಕೂಡದು, ದಿನಕ್ಕೆ ಎರಡು ಗಂಟೆ ಇಂಗ್ಲಿಷಿನಲ್ಲೇ ಮಾತಾಡಬೇಕು. ಯಾರ ಜೊತೆ ಮಾತಾಡಬೇಕು ಎಂದು ಹಾಳೆಯಲ್ಲಿರಲಿಲ್ಲ. ಅವಳು ಹೊರಕೋಣೆಯಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದಳು, ನಾನು ಒಳಗೆ ಒಬ್ಬಳೇ ನಾದಿ ಒಬ್ಬಳೇ ಬಡಿಯುತ್ತಿದ್ದೆ. ಲೆಕ್ಕದ ಪಾಠಕ್ಕೆ ಹೂಂಗುಟ್ಟುವುದು ನಿಂತಿತು. ತಿಂಗಳಿಗೊಮ್ಮೆ ಭಾನುವಾರ ಅವಳನ್ನು ಇಂದಿರಾನಗರದ ಅವರ ಆಫೀಸಿಗೆ ಕರೆಸಿ, ಜನರ ಮುಂದೆ ನಿಂತು ತನ್ನ ಕಥೆ ಹೇಳುವುದನ್ನು ಕಲಿಸುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕಣ್ಣು ಎತ್ತಿ ನೋಡಬೇಕು. ಎಂಜಿನ್ನಿನ ವಿಷಯ ಅಲ್ಲಿ ಯಾರೂ ಕೇಳುತ್ತಿರಲಿಲ್ಲವಂತೆ. ಇಂಗ್ಲಿಷ್ ಅವಳಿಗೆ ಬಂತು, ಇಲ್ಲವೆನ್ನಲಾರೆ. ನನ್ನ ಕಡೆ ನೋಡದೆ ಮಾತಾಡುವುದೂ ಬಂತು. ಓದಿನ ಭಾರ ಇರಬೇಕು ಎಂದುಕೊಂಡೆ.

ಮೂರನೆಯ ವರ್ಷದ ಕೊನೆಗೆ ಇಂದಿರಾನಗರದ ಒಂದು ಹೋಟೆಲಿನಲ್ಲಿ ಅವರ 'ಕುಟುಂಬ ದಿನ'. ತಾಯಿ ಬರಲೇಬೇಕು ಎಂದು ಹೇಳಿ ಕಳಿಸಿದ್ದರು. ನಿಮ್ಮ ಅಮ್ಮ ಬೇಡವೆಂದು ಎರಡು ದಿನ ಹಟ ಮಾಡಿದಳು. ನೀನು ಬಂದು ಮಾಡುವುದೇನು, ಇಂಗ್ಲಿಷ್ ಮಾತು, ಎ.ಸಿ. ಹಾಕಿದ ಸಭಾಂಗಣ, ಮೈ ನಡುಗುತ್ತದೆ ಎಂದೆಲ್ಲ. ಹೊಸ ಸೀರೆಯುಟ್ಟು ಹೋದೆ. ದುಂಡು ಮೇಜುಗಳ ಸುತ್ತ ದೊಡ್ಡ ಜನ, ಹಿಂದಿನ ಸಾಲಿನಲ್ಲಿ ನಾವು. ಬಾಗಿಲಿನಷ್ಟು ಅಗಲದ ಒಂದು ರಟ್ಟಿನ ಚೆಕ್ಕನ್ನು ಒಬ್ಬೊಬ್ಬ ಹುಡುಗಿಯ ಕೈಗೂ ಕೊಟ್ಟು, ಫೋಟೋ ಹಿಡಿದು, ಅದೇ ರಟ್ಟನ್ನು ಕಸಿದುಕೊಂಡು ಮುಂದಿನವಳಿಗೆ ಕೊಡುತ್ತಿದ್ದರು. ಆಮೇಲೆ ರೇಣುಕಾಳನ್ನು ವೇದಿಕೆಗೆ ಕರೆದರು. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ಮೇಜಿನವರು ಕರವಸ್ತ್ರ ತೆಗೆದರು. ನನಗೆ ಹೆಮ್ಮೆಯಾಯಿತು. ಅವಳು ಮುಗಿಸಿದ ಮೇಲೆ ಮೇಡಂ ಮೈಕು ಹಿಡಿದು, ತಂದೆತಾಯಿಯರಿಗೂ ತಿಳಿಯಲೆಂದು ಅದನ್ನೇ ಕನ್ನಡದಲ್ಲಿ ಓದಿದರು.

ರೇಣುಕಾಳ ತಂದೆ ಕುಡುಕ. ದುಡಿದದ್ದೆಲ್ಲ ಸಾರಾಯಿ ಅಂಗಡಿಗೆ. ಮಗಳ ಪುಸ್ತಕ ಹರಿದು ಒಲೆಗೆ ಹಾಕುತ್ತಿದ್ದ. ತಾಯಿಯನ್ನು ಬೆಲ್ಟಿನಿಂದ ಹೊಡೆಯುತ್ತಿದ್ದ. ಮಗು ಬೀದಿದೀಪದ ಕೆಳಗೆ ಕೂತು ಓದಿತು.

ನಮ್ಮ ಗಲ್ಲಿಯಲ್ಲಿ ಬೀದಿದೀಪವೇ ಇರಲಿಲ್ಲ. ದೀಪ ಇದ್ದದ್ದು ಮನೆಯೊಳಗೆ. ಮೊದಲು ನಾನು ಇದು ಬೇರೆ ಯಾರದೋ ಮನೆಯ ಕಥೆ, ಹೆಸರು ಅದಲುಬದಲಾಗಿದೆ ಎಂದುಕೊಂಡು ನಿಮ್ಮ ಅಮ್ಮನನ್ನು ನೋಡಿದೆ. ಅವಳು ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು. ಆಗ ಗೊತ್ತಾಯಿತು.

"ಈಗ ಆ ಮಹಾತಾಯಿ ಎರಡು ಮಾತಾಡ್ಲಿ" ಎಂದು ಮೇಡಂ ಕರೆದರು. ಯಾರೋ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಮೈಕು ಬಾಯಿಗೆ ಬಂತು. ಸಭೆಯಲ್ಲಿ ಗಂಡನ ಹೆಸರು ಹೇಳಲು ನಮ್ಮ ಹೆಂಗಸರಿಗೆ ಇರುವ ದಾರಿ ಒಂದೇ, ಒಡಪು. ಮದುವೆಯ ಮನೆಯಲ್ಲಿ ಬಾಗಿಲು ಅಡ್ಡಗಟ್ಟಿ, ಹೆಸರು ಹೇಳು ಎಂದು ಪೀಡಿಸಿದಾಗ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುವುದು. ನನ್ನ ಮದುವೆಯಲ್ಲಿ ನಾಚಿಕೆಯಿಂದ ನನಗೆ ಒಂದೂ ಬಂದಿರಲಿಲ್ಲ, ನನ್ನ ಪರವಾಗಿ ಅತ್ತಿಗೆ ಹೇಳಿದ್ದಳು. ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ, ಅವಳು ಹೇಳಲೂಬಾರದು. ನಾನು ಹೇಳಿದೆ.

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಹಾಕಿದ್ರ ಆಗತೈತಿ ತುಪ್ಪ,
ಹಾಲು ಮಜ್ಜಿಗಿ ಬಿಟ್ಟು ಬ್ಯಾರೆ ಮುಟ್ಟಿದವರಲ್ಲ ಶರಣಪ್ಪ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. "ವಾವ್! ಎಂಥಾ ಬ್ಯೂಟಿಫುಲ್ ಜಾನಪದ ಗೀತೆ!" ಎಂದರು ಮೇಡಂ. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದರು. ನಾನು ಅವರ ಮುಖಕ್ಕೆ ಉಗಿದಿದ್ದರೂ ಬಹುಶಃ ಅದಕ್ಕೂ ಒಂದು ಶಾಲು ಕೊಡುತ್ತಿದ್ದರು. ಅಷ್ಟು ಜನರಲ್ಲಿ ನಾನು ಹೇಳಿದ್ದು ತಿಳಿದದ್ದು ಒಬ್ಬಳಿಗೇ. ಅವಳು ನನ್ನ ಕೈಯಿಂದ ಹಣ್ಣಿನ ಬುಟ್ಟಿ ತೆಗೆದುಕೊಂಡು ಮುಂದೆ ಮುಂದೆ ನಡೆದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದು, ಬಾಗಿಲು ಹಾಕಿ, ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ಹೌದವ್ವ, ನಾನೇ ಬರದೀನಿ. ಬೈ."

"ಕುಡುಕ ಅಂತ ಬರದಿ?"

"ಮೊದಲ ಅವರೇ ಬರಕೊಂಡಿದ್ರು. ನಿನ್ನ ಕೇಳಿದಾಗ ನೀ ತಲಿ ಬಗ್ಗಿಸಿದ್ಯಂತ. ಅಲ್ಲ ಅಂತ ಹೇಳಾಕ ಹೋದ್ರ, ನಿನ್ನ ಸ್ಟೋರಿ ಭಾಳ ಸ್ಟ್ರಾಂಗ್ ಐತಿ, ಹಾಳು ಮಾಡ್ಕೋಬ್ಯಾಡ ಅಂದ್ರು ಮೇಡಂ. ಪ್ರತಿ ವರ್ಷ ಹೊಸಾದು ಬರಕೊಡಬೇಕು. ಪ್ರತಿ ವರ್ಷ ಹೊಸದಾಗಿ ಆ ಮಂದಿ ಕಣ್ಣಾಗ ನೀರು ತರಿಸಬೇಕವ್ವ. ಮೊದಲನೇ ವರ್ಷ ಅಪ್ಪ ಕುಡಿದ್ರ ಸಾಕಾತು. ಎರಡನೇ ವರ್ಷ ಪುಸ್ತಕ ಹರಿಸಿದೆ. ಈ ವರ್ಷ..."

"ಈ ವರ್ಷ ನನ್ನ ಹೊಡಿಸಿದಿ."

"ಹೊಡಿಸೀನಿ."

"ಬೆಲ್ಟಿಲೆ."

"ಹೂಂ."

"ಲುಂಗಿ ಉಡವರಿಗೆ ಬೆಲ್ಟ್ ಎಲ್ಲಿಂದ ತಂದ್ಯವ್ವ?"

ಒಂದು ಗಳಿಗೆ ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟು ಹೆಚ್ಚಿತು. "ಸತ್ತವರಿಗೆ ಏನಾಗತೈತಿ? ಅಪ್ಪ ಕೇಳಾಕ ಬರತಾರೇನು? ಫೀ ಕಟ್ಟವರು ಯಾರು, ನಿನ್ನ ರೊಟ್ಟಿ?" ಎಂದು ಕೂಗಿದಳು. ನಾನು ಬುಟ್ಟಿಯ ಹಣ್ಣನ್ನೆಲ್ಲ ನಂಜಮ್ಮನ ಎಮ್ಮೆಗೆ ಹಾಕಿ ಬಂದೆ. ಹದಿನೈದು ದಿನ ನಾವಿಬ್ಬರೂ ಮಾತಾಡಲಿಲ್ಲ. ಅವಳು ನನ್ನ ರೊಟ್ಟಿ ಮುಟ್ಟದೆ ಬನ್ನು ತಂದು ತಿಂದಳು. ಆ ದಿನಗಳಲ್ಲಿ ನಾನೂ ಯೋಚಿಸಿದೆ. ಅವಳ ಒಂದು ವರ್ಷ ಉಳಿದಿದೆ. ಸತ್ತವರ ಹೆಸರು ಕೆಟ್ಟರೆ ಕೆಡಲಿ, ಬದುಕಿರುವವಳ ಓದು ನಿಲ್ಲಬಾರದು ಎಂದು ಒಂದು ದಿನ ಅನ್ನಿಸುತ್ತಿತ್ತು. ಮರುದಿನ ಹೊರಕೋಣೆ ಗುಡಿಸುವಾಗ ಕೈ ನಿಲ್ಲುತ್ತಿತ್ತು. ನಾನು ಅವಳಿಗೆ ಬರೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ.

ಕೊನೆಯ ವರ್ಷಕ್ಕೆ ಬರೆದುಕೊಡುವ ದಿನ ಬಂತು. ಅವಳು ಬರೆದದ್ದನ್ನು ನನ್ನ ಮುಂದೆ ಇಟ್ಟು, ಗೋಡೆಯ ಕಡೆ ತಿರುಗಿ ಕೂತಳು. ಕನ್ನಡದಲ್ಲೇ ಬರೆದಿದ್ದಳು. ಅಪ್ಪ ನೆಲದ ಮೇಲೆ ಕಿಟಕಿ ಬರೆಯುತ್ತಿದ್ದದ್ದು, ದಾರ, ದುಂಡು ಗೆರೆ, ಅಲ್ಲಿಂದ ತನಗೆ ಯಂತ್ರಗಳ ಹುಚ್ಚು ಹತ್ತಿದ್ದು, ಕಾಮಾಲೆ. ಒಂದೂವರೆ ಪುಟ. ಅಳುವ ಮಾತು ಒಂದೂ ಇರಲಿಲ್ಲ. ನಾನು ಓದಿ ಮುಗಿಸಿ, ಹಂಚು ಇಟ್ಟು, ಅವಳಿಗೊಂದು ರೊಟ್ಟಿ ಬಡಿದೆ. ತಿಂದಳು.

ವಾರದಲ್ಲಿ ನಂಜಮ್ಮನ ಮನೆಗೆ ಫೋನು ಬಂತು. ಇಬ್ಬರೂ ಇಂದಿರಾನಗರದ ಆಫೀಸಿಗೆ ಹೋದೆವು. ಹಿಂದೆ ಯಾರದೋ ದೊಡ್ಡ ಮನೆಯಾಗಿತ್ತು ಅದು, ದೇವರ ಕೋಣೆಯಲ್ಲಿ ಜೆರಾಕ್ಸ್ ಮೆಷಿನ್ನು ಇಟ್ಟಿದ್ದರು. ಮೇಡಂ ಕಾಫಿ ತರಿಸಿದರು.

"ರೇಣುಕಾ, ಇದು ಚೆನ್ನಾಗಿದೆ, ಐ ಲೈಕ್ ಇಟ್. ಆದ್ರೆ ಇಂಪ್ಯಾಕ್ಟ್ ಇಲ್ಲ. ಎಲ್ಲಾ ಅಪ್ಪಂದಿರೂ ಏನೋ ಒಂದು ಬರೀತಾರೆ ನೆಲದ ಮೇಲೆ."

"ಇದು ನಿಜ ಮೇಡಂ. ನಮ್ಮಪ್ಪ ಕುಡೀತಿರ್ಲಿಲ್ಲ. ಹೊಡೀತಾನೂ ಇರ್ಲಿಲ್ಲ."

"ಮತ್ತೆ ಮೂರು ವರ್ಷ ನೀನೇ ಬರ್ಕೊಟ್ಯಲ್ಲ? ನಿನ್ನ ಸ್ಟೋರಿ ನಮ್ಮ ಪುಸ್ತಕದಲ್ಲಿದೆ. ಹಾಗಾದ್ರೆ ನೀನು ನಮಗೆ ಮೋಸ ಮಾಡ್ದೆ ಅಂತಾಯ್ತು."

ಅವಳ ಮುಖ ಬಿಳಿಚಿತು. ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ ಇವತ್ತಿಗೂ ತಿಳಿಯದು.

"ಮೊದಲನೇ ಗೀಟು ಹಾಕಿದವರು ನೀವ್ರಿ. ನಮ್ಮ ಚಾಪಿ ಮ್ಯಾಲ ಕುಂತು ಹಾಕಿದ್ರಿ."

ಮೇಡಂ ಕಡತ ತೆಗೆದರು. ಅದೇ ಹಾಳೆ. ಕಷ್ಟದ ಕಾರಣ ಎಂಬುದರ ಕೆಳಗೆ ಸಾಲಾಗಿ ಗೀಟು ಹಾಕುವ ಚೌಕದ ಮನೆಗಳು. ಮದ್ಯಪಾನ, ಸಾಲ, ತೊರೆದು ಹೋಗಿರುವುದು, ಅಪಘಾತ, ಇತರೆ. ಮದ್ಯಪಾನದ ಮನೆಯಲ್ಲಿ ನೀಲಿ ಗೀಟು.

"ನೋಡಮ್ಮ, ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಕಾಮಾಲೆಗೆ ಇಲ್ಲಿ ಕಾಲಂ ಇಲ್ಲ. ಇತರೆ ಅಂತ ಹಾಕಿದ್ರೆ ಅಂಕ ಬೀಳಲ್ಲ, ಹೆಸರು ಪಟ್ಟಿಯಿಂದ ಹೊರಗೆ ಹೋಗುತ್ತೆ. ಹೊಸದಾಗಿ ಏನೂ ಬರೆಯೋದು ಬೇಡ. ಇದು ಹೀಗೇ ಇರ್ಲಿ, ಒಂದು ಸಹಿ ಹಾಕ್ಬಿಡಿ ಸಾಕು. ಇನ್ನೊಂದೇ ವರ್ಷ ಅಲ್ವಾ?"

ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ನಾನು ಈ ಸಲ ತಲೆ ಬಗ್ಗಿಸಲಿಲ್ಲ. ಅವಳು ಮೇಡಂ ಕೈಯ ಪೆನ್ನನ್ನೇ ಕೇಳಿ ತೆಗೆದುಕೊಂಡು, ಆ ನೀಲಿ ಗೀಟಿನ ಮೇಲೆ ಅಡ್ಡ ಎಳೆದಳು. ಕಾಗದ ಹರಿಯುವಷ್ಟು ಒತ್ತಿ, ಎರಡು ಸಲ ಎಳೆದಳು. ಪಕ್ಕದಲ್ಲಿ ಜಾಗ ಮಾಡಿಕೊಂಡು ಕಾಮಾಲೆ ಎಂದು ಬರೆದಳು.

"ನನ್ನ ಫೋಟೋ ವಾಪಸ್ ಕೊಡಿ ಮೇಡಂ."

"ಫೋಟೋ ನಮ್ದಮ್ಮ. ನೀನೇ ಸಹಿ ಹಾಕಿದ್ಯಲ್ಲ."

ಅಲ್ಲಿಗೆ ಆ ಸಂಬಂಧ ಮುಗಿಯಿತು. ಹಣ ನಿಂತಿತು. ಪುಸ್ತಕದಲ್ಲಿ ಫೋಟೋ, ಕಥೆ ಎರಡೂ ಮುಂದಿನ ವರ್ಷಗಳಲ್ಲೂ ಅಚ್ಚಾಗುತ್ತಲೇ ಹೋದವಂತೆ. ಕೊನೆಯ ವರ್ಷ ನಿಮ್ಮ ಅಮ್ಮ ಸಿ.ವಿ. ರಾಮನ್ ನಗರದ ಮಕ್ಕಳಿಗೆ ಪಾಠ ಹೇಳಿ, ನಸುಕಿನಲ್ಲಿ ನನ್ನ ಎದುರು ಕೂತು ಹಿಟ್ಟು ನಾದಿ, ಓದಿ ಮುಗಿಸಿದಳು. ಮುಂದಿನದನ್ನು ನೀವೇ ಕಂಡಿದ್ದೀರಿ.

ಆದರೆ ಆ ದಿನದ್ದೇ ಇನ್ನೊಂದು ಮಾತಿದೆ. ನಾವು ಹೊರಗೆ ಬಂದಾಗ ಜಗಲಿಯ ಬೆಂಚಿನ ಮೇಲೆ ರೇಣುಕಾಳ ಕಾಲೇಜಿನ ಇನ್ನೊಬ್ಬ ಹುಡುಗಿ ತನ್ನ ಸರದಿಗೆ ಕಾದಿದ್ದಳು. ಕಂಪನಿಯ ಪುಸ್ತಕದಲ್ಲಿ ಅವಳು ತಂದೆಯನ್ನು ಕಳೆದುಕೊಂಡವಳು. ಪಕ್ಕದಲ್ಲಿ ಪಂಚೆಯುಟ್ಟ, ಅವಳದೇ ಮೂಗು ಅವಳದೇ ಹುಬ್ಬಿನ ಒಬ್ಬ ಗಂಡಸು ಕೂತಿದ್ದರು. ಹುಡುಗಿಯನ್ನು ಒಳಗೆ ಕರೆದರು. ಆ ಗಂಡಸು ನಮ್ಮ ಕಡೆಯವರಂತೆ ಕಂಡದ್ದರಿಂದ, ಹುಡುಗಿಗೆ ನೀವೇನಾಗಬೇಕು ಎಂದು ಕೇಳಿದೆ.

"ಕಾಕಾ ರೀ ನಾನು, ಆಕಿ ಅಪ್ಪನ ತಮ್ಮ" ಎಂದವರು, ರೇಣುಕಾಳ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಅವಳಿಗೆ ಎಲ್ಲ ಗೊತ್ತು ಎಂಬುದು ನೆನಪಾಯಿತೇನೋ. ದನಿ ಇಳಿಸಿದರು.

"ಅಪ್ಪನ ಹೆಸರು ತೊಳಕೊಂಡು ಬಂದಿ ಏನವ್ವ, ಗೋಡಿ ಆಚೀಂದ ಕೇಳಿಸ್ತು. ಭಾಳ ಚಲೋ ಮಾಡಿದಿ. ನನ್ನ ಮಗಳದು ಇನ್ನ ಒಂದು ವರ್ಷ ಐತಿ. ಅಲ್ಲೀತನಕ ನಾ ಸತ್ತೇ ಇರತೀನಿ."